ಜಗಳೂರಿನ ಸುದ್ದಿ

ಮೊನ್ನೆ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಒಂದು ಟವೆಲ್ ಹಾರಿ ಬಂದು ನನ್ನ ಮಡಿಲಿಗೆ ಬಿತ್ತು. ಪಕ್ಕದ ಖಾಲಿ ಸೀಟಿಗೆ ಗುರಿಯಿಟ್ಟು ಎಸೆದವನು ಕೆಳಗಿನಿಂದಲೇ ಕೂಗಿದ, “ಮೇಡಂ, ಅದು ನಮ್ಮವ್ವಂಗೆ. ಯಾರನ್ನೂ ಕುಂದ್ರಿಸಬ್ಯಾಡ್ರಿ!” ಬೆವರು, ಬೀಡಿ ಹೊಗೆ, ಬಟ್ಟೆ ಸೋಪು ಎಲ್ಲ ಕಲೆತ ವಾಸನೆ. ಬೇರೆ ದಿನವಾಗಿದ್ದರೆ ಎರಡು ಬೆರಳಿನಲ್ಲಿ ಎತ್ತಿ ಆಚೆ ಇಡುತ್ತಿದ್ದೆ. ಮೊನ್ನೆ ಅದನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಅಡ್ಡಕ್ಕೆ ಒಂದು ಮಡಿಕೆ ಮಾಡಿ, ಪಕ್ಕದ ಸೀಟಿನ ಮೇಲೆ ನೀಟಾಗಿ ಹಾಸಿದೆ. ಹಾಸಿದ ಮೇಲೆ ಹೊಳೆಯಿತು, ಹಾಗೆ ಮಡಚುತ್ತಿದ್ದದ್ದು ನಾನಲ್ಲ, ಒಬ್ಬ ಕಂಡಕ್ಟರ್. ಕೂತಲ್ಲೇ ಚಡಪಡಿಕೆ ಶುರುವಾಯಿತು.

ನಮ್ಮ ಕಡೆ ಟವೆಲ್ ಬಿದ್ದ ಸೀಟು ಎಂದರೆ ರಿಜಿಸ್ಟ್ರಿ ಆದ ಹೊಲ ಇದ್ದ ಹಾಗೆ. ಅದರ ಮೇಲೆ ಕೂತವನ ಕಥೆ ಮುಗಿಯಿತೆಂದೇ ಲೆಕ್ಕ. ಪ್ರಯಾಣಿಕರು ಟವೆಲ್ ಹಾಕುವುದು ಎಲ್ಲ ಬಸ್ಸಿನಲ್ಲೂ ಉಂಟು. ಪ್ರಯಾಣಿಕನಿಗಾಗಿ ಕಂಡಕ್ಟರೇ ತನ್ನ ಹೆಗಲ ಟವೆಲ್ ಹಾಸಿ ಕಾಯುವುದನ್ನು ಮಾತ್ರ ನಾನು ಒಂದೇ ಒಂದು ಬಸ್ಸಿನಲ್ಲಿ ನೋಡಿದ್ದೇನೆ. ಹಾಗೆ ಕಾಯುತ್ತಿದ್ದದ್ದು ನಮ್ಮಪ್ಪನಿಗಾಗಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ. ಪಹಣಿ ಬೇಕೆಂದರೂ, ಪಿಂಚಣಿಯ ಅರ್ಜಿ ಹಾಕಬೇಕೆಂದರೂ ಜನ ಹೊನ್ನಾಳಿಗೇ ಹೋಗಬೇಕಿತ್ತು. ಅಲ್ಲಿ ತಾಲ್ಲೂಕು ಕಚೇರಿಯ ಮುಂದೆ ಒಂದು ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ಅಪ್ಪನ ಕೆಲಸ. ನ್ಯಾಮತಿಯಿಂದ ಹೊರಟು ಹೊನ್ನಾಳಿ, ಸಾಸ್ವೆಹಳ್ಳಿ ಮೇಲೆ ಚನ್ನಗಿರಿಗೆ ಹೋಗುವ ಬೆಳಗಿನ ಖಾಸಗಿ ಬಸ್ಸೇ ಅವರ ಬಸ್ಸು, ಡ್ರೈವರಿನ ಹಿಂದಿನ ಸೀಟೇ ಅವರ ಸೀಟು. ಅಪ್ಪ ಕೂತು ಪೇಪರ್ ಬಿಚ್ಚಿದರೆಂದರೆ ಕಂಡಕ್ಟರ್ ಬಸ್ಸಿನ ಆ ತುದಿಯಿಂದಲೇ ಕೂಗುತ್ತಿದ್ದರು, “ಏನ್ರೀ ಯಜಮಾನ್ರೆ, ಸುದ್ದಿ ಏನೈತೆ?” ಅಪ್ಪ ಪೇಪರಿನಲ್ಲಿ ಇದ್ದದ್ದನ್ನೂ ಇಲ್ಲದ್ದನ್ನೂ ಸೇರಿಸಿ ಓದುತ್ತಿದ್ದರು. ತಹಶೀಲ್ದಾರರ ಬೆಕ್ಕು ಮರಿ ಹಾಕಿದ್ದೂ ಅದರಲ್ಲಿ ಬರುತ್ತಿತ್ತು. ಚನ್ನಗಿರಿಯ ಮುಸ್ಲಿಮರಾದ ಆ ಕಂಡಕ್ಟರ್ ಟಿಕೆಟ್ ಹರಿಯುತ್ತ ಹರಿಯುತ್ತ ನಗುತ್ತಿದ್ದರು. ಇದು ಹದಿನಾಲ್ಕು ವರ್ಷ ನಡೆಯಿತು. ಒಬ್ಬರ ಮನೆಗೆ ಇನ್ನೊಬ್ಬರು ಹೋದದ್ದಿಲ್ಲ. ಅವರ ಸ್ನೇಹವೆಲ್ಲ ಬಸ್ಸಿನ ಒಳಗೇ.

ನನಗೆ ಸಾಸ್ವೆಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಾಗ ಅಪ್ಪ ನನ್ನನ್ನೂ ಅದೇ ಬಸ್ಸಿಗೆ ಹತ್ತಿಸಿದರು. ನಾನು ಆ ಕಂಡಕ್ಟರನ್ನು ಮಾಮಾ ಎನ್ನತೊಡಗಿದೆ.

ಆ ವರ್ಷ ಕಂಡಕ್ಟರ್ ಮಾಮ ಬಸ್ಸಿನ ಏಣಿಯಿಂದ ಜಾರಿ ಕಾಲು ಮುರಿದುಕೊಂಡು ಚನ್ನಗಿರಿಯಲ್ಲಿ ಮಲಗಿದರು. ಅದೇ ಹೊತ್ತಿನಲ್ಲಿ ಅಪ್ಪ ನನ್ನ ಸೋದರತ್ತೆಯ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ಕೆಂದು ಜಗಳೂರಿಗೆ ಹೋದರು. ಊಟ ಮುಗಿಸಿ, ಎಲೆಗೆ ಸುಣ್ಣ ಹಚ್ಚುತ್ತ, ಯಾಕೋ ಎದೆ ಒತ್ತಿದಂಗೆ ಆಗತೈತೆ ಎಂದರಂತೆ. ದಾವಣಗೆರೆಗೆ ಕರೆದೊಯ್ಯಲು ಕಾರು ಬರುವಷ್ಟರಲ್ಲಿ… ಹುಟ್ಟಿದ ಊರು ಅದೇ, ಹಿರಿಯರ ಹೊಲವೂ ಅಲ್ಲೇ ಇದೆ ಎಂದು ಅಲ್ಲೇ ಮಣ್ಣು ಮಾಡಿದರು. ನಾನೂ ಅಮ್ಮನೂ ನ್ಯಾಮತಿಗೆ ವಾಪಸ್ ಬಂದೆವು.

ಬಂದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಒಗೆದ ಬಟ್ಟೆ ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದೆ. ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ಮರೆತು ಹೊರಬರುತ್ತಿದ್ದೆ. ಬಂದವರೆಲ್ಲ ಅಮ್ಮನ ಮುಂದೆ ಕೂತು ಅಳುತ್ತಿದ್ದರು. ನನಗೆ ಅಳುವೂ ಬರುತ್ತಿರಲಿಲ್ಲ. ಅವರು ಎದ್ದು ಹೋದರೆ ಸಾಕೆಂದು ಕಾಯುತ್ತಿದ್ದೆ, ಹೋದ ಮೇಲೆ ಯಾಕೆ ಹೋದರೋ ಎನ್ನಿಸುತ್ತಿತ್ತು. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬ ಇಲ್ಲ, ಸಿಹಿ ಇಲ್ಲ ಎಂದು ಹಿರಿಯರು ಹೇಳಿ ಹೋಗಿದ್ದರು. ಅದಕ್ಕೆ ನಾನು ನಗುವನ್ನೂ ಸೇರಿಸಿಕೊಂಡೆ, ಬಾಯಿ ರುಚಿಯನ್ನೂ ಸೇರಿಸಿಕೊಂಡೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆಗೆ ಮತ್ತೆ ಹೊರಟ ಮೊದಲನೇ ದಿನ ಒಂದು ಗಂಟೆ ಮುಂಚೆಯೇ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಬಸ್ಸು ಬಂತು. ಹತ್ತಿದೆ. ಡ್ರೈವರಿನ ಹಿಂದಿನ ಸೀಟಿನ ಮೇಲೆ ಮೂರು ಮಡಿಕೆಯ ಟವೆಲ್. ಕಂಡಕ್ಟರ್ ಮಾಮ ಅವತ್ತೇ ಕೆಲಸಕ್ಕೆ ಮರಳಿದ್ದರು, ಕುಂಟುತ್ತ ಬಂದರು.

“ಬಾರವ್ವಾ. ಎಲ್ಲಿ ನಿಮ್ಮಪ್ಪಾಜಿ? ಎಲ್ಡು ತಿಂಗಳು ಕಾಲು ಮುರಕಂಡು ಬಿದ್ದಿದ್ದೆ, ಒಂದು ಸಲನೂ ನೋಡಾಕೆ ಬರಲಿಲ್ಲ. ಸಿಟ್ಟಾಗೀನಿ ಅಂತ ಹೇಳು.”

ಅಷ್ಟು ಹೊತ್ತಿಗೆ ಅಪ್ಪ ಹೋದ ಮಾತನ್ನು ನಾನು ಹೆಡ್ ಮಾಸ್ತರಿಗೆ, ಬ್ಯಾಂಕಿನವರಿಗೆ, ಹಾಲಿನವನಿಗೆ, ಎಲ್ಲರಿಗೂ ಹೇಳಿ ಮುಗಿಸಿದ್ದೆ. ನಾಲಿಗೆಗೆ ರೂಢಿಯಾಗಿತ್ತು. ಆದರೆ ಸತ್ತವರ ಮೇಲೆ ಹಾಗೆ ಹುಸಿಮುನಿಸು ತೋರಿಸುವ ಮನುಷ್ಯನನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಆ ಬಸ್ಸಿನಲ್ಲಿ ಅಪ್ಪ ಇನ್ನೂ ಬೈಸಿಕೊಳ್ಳುತ್ತಿದ್ದರು.

“ಜಗಳೂರಾಗೆ ಅದಾರೆ ಮಾಮಾ, ಅತ್ತೆ ಮನೇಲಿ. ಮಂಡಿ ನೋವು. ಔಷಧಿ ಮಾಡಿಸ್ಕಣಾಕೆ ನಿಂತಾರೆ” ಎಂದುಬಿಟ್ಟೆ.

“ಹೌದಾ? ಹಂಗಾರೆ ಅವರು ಬರಗಂಟ ಈ ಸೀಟಾಗೆ ನೀನೇ ಕುಂತ್ಕ” ಎಂದು ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡರು.

ಮಾರನೇ ದಿನ ನಿಜ ಹೇಳಬೇಕೆಂದೇ ಹತ್ತಿದ್ದೆ. ನಾನು ಬಾಯಿ ಬಿಡುವ ಮುಂಚೆಯೇ ಅವರು ಕೇಳಿದರು, “ಏನವ್ವಾ, ಜಗಳೂರಿನ ಸುದ್ದಿ ಏನೈತೆ? ಫೋನು ಬಂದಿತ್ತಾ?” ಆಗಿನ್ನೂ ಎಲ್ಲರ ಕೈಗೂ ಮೊಬೈಲು ಬಂದಿರಲಿಲ್ಲ. ಸೋದರತ್ತೆಯ ಮನೆ ಎದುರಿನ ಅಂಗಡಿಯಲ್ಲಿ ಫೋನು ಇದೆ, ಅಲ್ಲಿಂದ ಮಾತಾಡುತ್ತಾರೆ ಎಂದೆ. ಒಂದು ಸುಳ್ಳಿಗೆ ಆಗಲೇ ಇನ್ನೊಂದು ಸೇರಿತ್ತು. ಏನು ಮಾತಾಡಿದರು ಎಂದರೆ ಏನು ಹೇಳಲಿ? ಕಣ್ಣಿಗೆ ಬಿದ್ದದ್ದನ್ನೇ ಹೇಳಿದೆ. ಅರ್ಧ ಗಂಟೆಯ ಹಿಂದೆ ನ್ಯಾಮತಿ ಸ್ಟ್ಯಾಂಡಿನಲ್ಲಿ ಒಂದು ಆಡು ಗೋಡೆಯ ಮೇಲಿನ ಚುನಾವಣೆ ಪೋಸ್ಟರನ್ನು ಗದ್ದದ ಕಡೆಯಿಂದ ತಿನ್ನುತ್ತ ಬಂದು, ಅಭ್ಯರ್ಥಿಯ ಮೀಸೆ ಹತ್ತಿರ ನಿಂತು, ಯೋಚನೆ ಮಾಡಿ ಬಿಟ್ಟು ಹೋಗಿತ್ತು. ಅದನ್ನು ಜಗಳೂರಿನ ಪೇಟೆಗೆ ಸಾಗಿಸಿ, ಅಪ್ಪ ನೋಡಿದರಂತೆ ಎಂದೆ. ಮಾಮ ನಕ್ಕ ನಗುವಿಗೆ, ಅಪ್ಪನನ್ನು ಕಂಡಿರದ ಹೊಸ ಡ್ರೈವರ್ ಹಿಂದೆ ತಿರುಗಿ ನೋಡಿದ.

ಆಮೇಲೆ ಅದೇ ಕೆಲಸವಾಯಿತು. ಬೆಳಿಗ್ಗೆ ಎದ್ದರೆ, ಇವತ್ತು ಅಪ್ಪ ಏನು ನೋಡಬೇಕು ಎಂದು ಹುಡುಕುತ್ತಿದ್ದೆ. ಶಾಲೆಯ ಮುಂದೆ ಸೊಪ್ಪು ಮಾರುವಾಕೆ ತನ್ನ ಕೋಳಿಗೆ ನನ್ನ ಹೆಸರಿಟ್ಟಿದ್ದು ಅಪ್ಪನ ಪಾಲಿಗೆ ಹೋಯಿತು. ಒಂದು ಸಂಜೆ ಹೊನ್ನಾಳಿ ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಕರಿಯುವ ವಾಸನೆಗೆ ತಡೆಯಲಾರದೆ, ಮಂಡಕ್ಕಿ ಜೊತೆ ಎರಡು ಮೆಣಸಿನಕಾಯಿ ಕಟ್ಟಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತು ತಿಂದೆ. ರುಚಿಯಾಗಿತ್ತು. ಅಷ್ಟು ರುಚಿಯಾದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು. ಮರುದಿನ ಬಸ್ಸಿನಲ್ಲಿ, “ಅತ್ತೆ ಬ್ಯಾಡ ಅಂದ್ರೂ ಕೇಳದೆ ಕದ್ದು ಎಲ್ಡು ಮೆಣಸಿನಕಾಯಿ ತಿಂದ್ರಂತೆ” ಎಂದು ಅದನ್ನೂ ಅಪ್ಪನ ತಲೆಗೆ ಕಟ್ಟಿದೆ. ಕಟ್ಟಿದ ಮೇಲೆ ಹೊಟ್ಟೆ ಹಗುರಾಯಿತು. ನನಗೆ ನಿಷಿದ್ಧವಾದದ್ದೆಲ್ಲ ಅಪ್ಪನಿಗೆ ಸಲ್ಲುತ್ತಿತ್ತು. ಬಸ್ಸು ಸೇತುವೆ ದಾಟುವಾಗ ಹೊಳೆಯ ಮೇಲೆ ಬಿಸಿಲು ಬಿದ್ದು ನೀರೆಲ್ಲ ಬೆಳ್ಳಗೆ ಮಿನುಗುತ್ತಿತ್ತಲ್ಲ, ಅದೊಂದನ್ನು ಮಾತ್ರ ಏನೂ ಮಾಡಲಾಗುತ್ತಿರಲಿಲ್ಲ. ಜಗಳೂರಿನಲ್ಲಿ ಹೊಳೆ ಇಲ್ಲ. ಆ ಹೊತ್ತಿಗೆ ಮುಖ ತಿರುಗಿಸಿ ಕೂರುತ್ತಿದ್ದೆ.

ಸುಖವಾಗಿ ಮಾತ್ರ ಇರಲಿಲ್ಲ. ಹತ್ತುವವರ ಮುಖವನ್ನೆಲ್ಲ ನೋಡುತ್ತಿದ್ದೆ, ಯಾರಿಗೆ ಗೊತ್ತಿದೆ, ಯಾರಿಗಿಲ್ಲ ಎಂದು. ಗೋವಿನಕೋವಿಯಿಂದ ಹೂವು ತರುತ್ತಿದ್ದ ಹೆಂಗಸು ಅಮ್ಮನನ್ನು ಮಾತಾಡಿಸಿ ಹೋಗಿದ್ದಾಕೆ. ಒಂದು ದಿನ ಬುಟ್ಟಿ ಇಳಿಸಿ ನನ್ನ ಪಕ್ಕ ಕೂತವಳೇ, “ಪಾಪ, ಅಪ್ಪ ಇಲ್ಲದ ಮನೆ…” ಎಂದು ಶುರು ಮಾಡಿದಳು. ಮಾಮ ಎರಡು ಸೀಟು ಹಿಂದಿದ್ದರು. ಆಕೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಆಕೆ ನನ್ನನ್ನು ನೋಡಿದಳು, ಹಿಂದೆ ತಿರುಗಿ ಕಂಡಕ್ಟರನ್ನು ನೋಡಿದಳು. ಆಮೇಲೆ ಅವರಿಗೆ ಕೇಳುವಂತೆ ಜೋರಾಗಿ, “ಬರ್ಲಿ ತಗ, ಹುಷಾರಾಗೇ ಬರ್ಲಿ!” ಎಂದಳು. ಆವತ್ತಿನಿಂದ ಆಕೆ ನನ್ನ ಪಕ್ಕ ಕೂರಲಿಲ್ಲ.

ಮೂರು ವಾರವಾಗಿರಬೇಕು. ಒಂದು ಶನಿವಾರ ಮಾಮ, “ಈ ಮಂಡಿ ನೋವು ಹಿಂಗೆ ಬಿಟ್ರೆ ಹೋಗಲ್ಲ. ನಮ್ಮಾಕೆ ಒಂದು ಎಣ್ಣೆ ಕಾಸ್ತಾಳೆ” ಎಂದರು. ನಾನು ಹೂಂ ಎಂದೆ. ಆ ಹೂಂ ಈಗಲೂ ಕಿವಿಯಲ್ಲಿದೆ. ಬಾಟಲಿಯನ್ನು ನನ್ನ ಕೈಗೆ ಕೊಡುತ್ತಾರೆ ಎಂದುಕೊಂಡಿದ್ದೆ, ಮೂಲೆಯಲ್ಲಿ ಎಲ್ಲಾದರೂ ಬಚ್ಚಿಟ್ಟರಾಯಿತು ಎಂದೂ ಲೆಕ್ಕ ಹಾಕಿದ್ದೆ.

ಸೋಮವಾರ ಬಸ್ಸು ಹತ್ತಿದರೆ ಸೀಟಿನ ಮೇಲೆ ಟವೆಲ್ ಇರಲಿಲ್ಲ. ಯಾರೋ ಸೌತೆಕಾಯಿ ಚೀಲದವರು ಕೂತಿದ್ದರು. ಮಾಮ ಬಂದು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು. ಸುದ್ದಿ ಕೇಳಲಿಲ್ಲ. ನನ್ನ ಮುಖ ನೋಡಲಿಲ್ಲ. ಯಾಕೆಂದು ಅವತ್ತೇ ಸಂಜೆ ಅತ್ತೆಯಿಂದ ತಿಳಿಯಿತು. ಭಾನುವಾರ ಅವರು ಚನ್ನಗಿರಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು, ಎರಡು ಬಸ್ಸು ಬದಲಾಯಿಸಿ, ಕುಂಟುಗಾಲಿನಲ್ಲಿ ಮನೆ ಹುಡುಕಿಕೊಂಡು ಹೋಗಿದ್ದರು. ಅರ್ಜಿ ಬರೆಯುವವರ ತಂಗಿಯ ಮನೆ ಎಂದು ಕೇಳಿದರೆ ಊರಲ್ಲಿ ತೋರಿಸದವರು ಯಾರು? ನನ್ನ ಸುಳ್ಳಿನ ಗಂಧಗಾಳಿ ಇಲ್ಲದ ಸೋದರತ್ತೆ, ಗೆಳೆಯರು ಬಂದಿದ್ದಾರೆ ಎಂದು ಅವರನ್ನು ನೇರ ಹೊಲಕ್ಕೇ ಕರೆದೊಯ್ದಿದ್ದರು.

ಆ ವಾರ ನಾನು ನಾನಾಗಿರಲಿಲ್ಲ. ಮಂಗಳವಾರ, ಬುಧವಾರ ಆ ಬಸ್ಸು ತಪ್ಪಿಸಿ ಅದರ ಹಿಂದೆ ಬರುವ ಬಸ್ಸಿಗೆ ಹೋದೆ, ಶಾಲೆಗೆ ತಡವಾಗಿ ಬೈಸಿಕೊಂಡೆ. ಗುರುವಾರ ಹೋಗಲೇ ಇಲ್ಲ. ಮನೆಯಲ್ಲಿದ್ದರೆ ಅಮ್ಮನ ಮೌನ, ಹೊರಗೆ ಬಂದರೆ ಎಲ್ಲ ಬಸ್ಸಿನ ಹಾರನ್ನೂ ಅದೇ ಬಸ್ಸಿನದೆನ್ನಿಸುತ್ತಿತ್ತು. ಶುಕ್ರವಾರ ಏನಾದರಾಗಲಿ ಎಂದು ಹತ್ತಿದೆ.

ಹೊನ್ನಾಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಎಲ್ಲರೂ ಟೀ ಕುಡಿಯಲು ಇಳಿದರು. ಮಾಮ ಇಳಿಯಲಿಲ್ಲ. ಬಂದು ಎದುರಿನ ಸೀಟಿನಲ್ಲಿ ಕೂತರು, ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

“ಎಣ್ಣೆ ನಿಮ್ಮತ್ತೆಗೇ ಕೊಟ್ಟು ಬಂದೆ. ಅವರಿಗೂ ಮಂಡಿ ನೋವಂತೆ.”

“ತಪ್ಪಾಯ್ತು ಮಾಮಾ.”

“ನಿನಗೆ ಅಪ್ಪ ಹೋದ್ರು, ಖರೆ. ನನಗೂ ಹದಿನಾಲ್ಕು ವರ್ಷದ ಗೆಳೆಯ ಹೋದ್ರಲ್ಲವ್ವಾ. ನೀನೊಬ್ಬಾಕೆನೇ ಇಟ್ಕಂಡ್ಯಲ್ಲ. ನಾನು ಇಲ್ಲಿ ಟಿಕೆಟ್ ಹರಕಂತ ನಗತಿದ್ದೆ…” ಎಂದವರು ತಮ್ಮ ಕೈ ನೋಡಿಕೊಂಡರು. “ನಮ್ಮಾಗೂ ಮಣ್ಣೇ, ನಿಮ್ಮಾಗೂ ಮಣ್ಣೇ. ಮೂರು ಹಿಡಿ ಹಾಕಬೇಕು ಅಂತ ಬಗ್ಗಿದೆ. ಮೂರು ತಿಂಗಳಾಗ್ತ ಬಂದಿತ್ತಲ್ಲ, ಗಟ್ಟಿಯಾಗಿತ್ತು. ಕೈಗೆ ಬರಲಿಲ್ಲ. ಉಗುರಾಗೆ ಕೆರೆದೆ.”

ಅವರ ಉಗುರುಗಳನ್ನು ನೋಡಿದೆ. ಶುಕ್ರವಾರದ ನಮಾಜಿಗೆಂದು ತಿಕ್ಕಿ ತೊಳೆದಿದ್ದ ಕೈ. ನಾನು ಇಷ್ಟು ದಿನ ಯಾರಿಗೆ ಏನು ಮಾಡಿದೆನೆಂದು ಆಗ ತಿಳಿಯಿತು. ಅಪ್ಪನನ್ನು ಬದುಕಿಸಿಕೊಂಡೆ ಎಂದುಕೊಂಡಿದ್ದೆ. ಒಬ್ಬ ಮನುಷ್ಯನ ದುಃಖವನ್ನು ಕದ್ದಿದ್ದೆ.

ಅವರೇ ಮಾತು ಮುಂದುವರಿಸಿದರು. “ಆ ಆಡು? ಮೀಸೆ ಬಿಟ್ಟಿದ್ದು?”

“ನಾನು ನೋಡಿದ್ದು. ನ್ಯಾಮತಿ ಸ್ಟ್ಯಾಂಡಾಗೆ.”

“ಕೋಳಿ?”

“ಅದೂ ನಂದೇ.”

“ಮೆಣಸಿನಕಾಯಿ ಯಾರು ತಿಂದಿದ್ದು?”

“ನಾನೇ ಮಾಮಾ.”

ಅವರ ಮುಖ ಒಂದು ಥರ ಆಯಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ, ಟವೆಲಿನಲ್ಲಿ ಮುಖ ಒರೆಸಿಕೊಂಡರು. “ಮಣ್ಣಾಗೆ ಮಲಗಿದ ಮನುಷ್ಯನ ಕೈಲಿ ಎಷ್ಟು ಕೆಲಸ ಮಾಡ್ಸಿದ್ಯೇ ತಾಯಿ! ನೀನು ನೋಡಿದ್ದನ್ನ ನೀನು ನೋಡ್ದೆ ಅನ್ನಾಕೆ ಏನಾಗಿತ್ತು? ತಿಂದಿದ್ದನ್ನ ತಿಂದೆ ಅನ್ನು. ನಿಮ್ಮಪ್ಪ ಇದ್ದಿದ್ರೆ ಇನ್ನೆಲ್ಡು ಕೊಡ್ಸೋರು.”

ಡ್ರೈವರ್ ಹಾರನ್ ಹೊಡೆದ. ಅವರು ಎದ್ದರು. ಏಳುತ್ತ, “ನಾಳೆ ಕೇಳ್ತೀನಿ. ಜಗಳೂರಿಂದು ಬ್ಯಾಡ, ನಿಂದು ಹೇಳು” ಎಂದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಹೊಳೆ ಬಂತು. ಅವತ್ತು ಮುಖ ತಿರುಗಿಸಲಿಲ್ಲ. ಕಂಬಳಿ ಒಗೆಯುವ ನಾಲ್ಕು ಜನ ಮೊಣಕಾಲುದ್ದ ನೀರಿನಲ್ಲಿ ನಿಂತು, ಹಿಂಡಲು ಎರಡೂ ತುದಿಗಳಿಂದ ತಿರುಚುತ್ತಿದ್ದರು. ಹಿಂಡಿದ ನೀರಿನಲ್ಲಿ ಬಿಸಿಲು ಬಿದ್ದು ಬಣ್ಣ ಕಾಣುತ್ತಿತ್ತು. “ಮಾಮಾ, ಅಲ್ನೋಡ್ರಿ” ಎಂದೆ. ಅವರು ಬಗ್ಗಿ ಕಿಟಕಿಯಿಂದ ನೋಡಿ, ಹದಿನಾಲ್ಕು ವರ್ಷದಿಂದ ಇದೇ ದಾರಿ, ಇದನ್ನು ನೋಡೇ ಇರಲಿಲ್ಲ ಎಂದರು. ಸುಳ್ಳು ಹೇಳಿದರೋ ನಿಜವೋ… ನನಗೆ ಬೇಕಾಗಿದ್ದದ್ದು ಅಷ್ಟೇ.

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಆಡಿನ ಕಥೆ ಹೇಳಿದೆ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕವಳು ಥಟ್ಟನೆ ಅಪ್ಪನ ಫೋಟೋ ಕಡೆ ನೋಡಿದಳು, ಅಪರಾಧ ಮಾಡಿದವಳ ಹಾಗೆ. “ಅವರು ಇದ್ದಿದ್ರೆ ಜೋರಾಗಿ ನಗೋರು” ಎಂದೆ. ಆಗ ಅಮ್ಮ ಇನ್ನೊಮ್ಮೆ, ಸೆರಗಿಲ್ಲದೆ ನಕ್ಕಳು. ನಮ್ಮ ಮನೆಯಲ್ಲಿ ಮತ್ತೆ ಬಾಳುವೆ ಶುರುವಾದದ್ದು ಆ ದಿನದಿಂದ ಎಂದು ನಾನು ಎಣಿಸಿದ್ದೇನೆ.

ಎರಡು ವರ್ಷ ಆ ಬಸ್ಸಿನಲ್ಲಿ ಓಡಾಡಿದೆ. ದಿನಕ್ಕೊಂದು ಸುದ್ದಿ ಕೊಟ್ಟೆ. ಒಣ ದಿನಗಳೂ ಇದ್ದವು, ಏನೂ ಕಾಣಲಿಲ್ಲ ಮಾಮಾ ಎಂದರೆ, “ಸರಿಯಾಗಿ ನೋಡಿಲ್ಲ, ಬರುವಾಗ ನೋಡು” ಎನ್ನುತ್ತಿದ್ದರು. ಮದುವೆಯಾಗಿ, ಕೆಲಸ ಕಾಯಂ ಆಗಿ ನಾನು ಜಗಳೂರಿಗೇ ಹೋದೆ, ಅಪ್ಪ ಇದ್ದ ಕಡೆಗೇ. ಮೊದಮೊದಲು ತವರಿಗೆ ಬಂದಾಗಲೆಲ್ಲ ಅದೇ ಬಸ್ಸು ಹಿಡಿಯುತ್ತಿದ್ದೆ. ಆಮೇಲೆ ಮಕ್ಕಳು, ಕಾರು, ಹಾಳು ಅವಸರ… ಮಾಮ ಕೆಲಸ ಬಿಟ್ಟದ್ದು ತಿಳಿದಿತ್ತು. ಒಮ್ಮೆ ಚನ್ನಗಿರಿಗೆ ಹೋಗಿ ನೋಡಿ ಬರಬೇಕು ಎಂದು ವರ್ಷ ವರ್ಷವೂ ಅಂದುಕೊಂಡೆ. ಹೋಗಲಿಲ್ಲ. ಇದಕ್ಕೆ ನೆಪ ಹೇಳುವುದಿಲ್ಲ. ಆದರೆ ಅವರು ಹಚ್ಚಿದ ಚಾಳಿ ಮಾತ್ರ ಬಿಟ್ಟಿಲ್ಲ. ಇವತ್ತಿಗೂ ಏನಾದರೂ ಚೆಂದದ್ದು ಕಂಡರೆ, ಸಾರು ಹದವಾಗಿ ಬಂದರೆ, ಶಾಲೆಯಲ್ಲಿ ಮಗುವೊಂದು ಎಡವಟ್ಟು ಮಾತಾಡಿದರೆ, ಮಾಮನಿಗೆ ಹೇಳಬೇಕು ಎಂದು ಒಂದು ಕಡೆ ತೆಗೆದಿಡುತ್ತೇನೆ. ಅಪ್ಪ ಹೋದ ಮೇಲೆ ಈ ಲೋಕವನ್ನು ನೋಡುವ ಕಣ್ಣನ್ನು ನನಗೆ ಕೊಟ್ಟವರು ಅವರು. ಆ ಋಣ ದೊಡ್ಡದು.

ಮೊನ್ನೆ ಟವೆಲ್ ಹಾಸಿ ಕೂತವಳಿಗೆ ಇದೆಲ್ಲ ಒಂದೇ ಸಲಕ್ಕೆ ನುಗ್ಗಿ ಬಂತು. ಟವೆಲ್ ಎಸೆದವನ ತಾಯಿ, ವಯಸ್ಸಾದಾಕೆ, ಉಸಿರು ಬಿಡುತ್ತ ಬಂದು ಕೂತರು. ಬಸ್ಸು ನ್ಯಾಮತಿ ಕಡೆ ಹೊರಟಿತು. ಟಿಕೆಟ್ ಕೊಡಲು ಬಂದ ಕಂಡಕ್ಟರನ್ನು ಕೇಳಿದೆ, ಮೊದಲು ಈ ದಾರಿಯ ಬಸ್ಸಿನಲ್ಲಿ ಚನ್ನಗಿರಿಯ ಕಂಡಕ್ಟರ್ ಒಬ್ಬರಿದ್ದರಲ್ಲ, ಒಂದು ಕಾಲು ಸ್ವಲ್ಪ ಕುಂಟುತ್ತಿದ್ದರು ಎಂದು.

“ಅವರಾ? ಹೋಗಿ ಎಲ್ಡು ವರ್ಷ ಆತಲ್ರೀ ಮೇಡಂ. ನಿಮಗ್ಯಾರೂ ಹೇಳಿಲ್ವಾ?”

ನನಗೆ ಯಾರು ಹೇಳಬೇಕು? ಎರಡು ವರ್ಷದಿಂದ ಇಲ್ಲದ ಮನುಷ್ಯನಿಗೆ ನಾನು ದಿನಾ ಸುದ್ದಿ ತೆಗೆದಿಡುತ್ತಿದ್ದೆ. ಕಿಟಕಿಯ ಕಡೆ ತಿರುಗಿದೆ. ಹೊರಗೆ ಏನಿತ್ತೋ ಕಾಣಲಿಲ್ಲ. ಅಪ್ಪ ಹೋದಾಗ ಈ ದಾರಿಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು, ಸೆರಗು ಸಾಲದಷ್ಟು ಅಳತೊಡಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಪಕ್ಕದ ಅಜ್ಜಿ ನನ್ನ ಬೆನ್ನ ಮೇಲೆ ಕೈ ಇಟ್ಟರು. “ಯಾರು ತೀರ್ಕಂಡ್ರವ್ವಾ?”

“ನಮ್ಮಪ್ಪ” ಎಂದೆ. ಆ ದಾರಿಯ ಬಸ್ಸಿನಲ್ಲಿ ಆ ಮಾತನ್ನು ಮೊದಲ ಸಲ ಆಡಿದೆ.